ಮರ್ಮರ: ಅಸ್ಫುಟವಾಕ್ಕಿನ ಒಂದು ಗೀತಸಂಪುಟ

ಅಮರಸಿಂಹನು ತನ್ನ ಕೋಶದಲ್ಲಿ ಶಬ್ದಭೇದಗಳನ್ನು ಎಣಿಸುವಾಗ ಬಟ್ಟೆಗಳಿಂದಲೂ ಎಲೆಗಳಿಂದಲೂ ಹುಟ್ಟುವ ಸದ್ದಿಗೆ ‘ಮರ್ಮರ’ವೆಂಬ ಹೆಸರನ್ನೂ, ಒಡವೆಗಳ ಸದ್ದಿಗೆ ‘ಶಿಂಜಿತ’ವೆಂಬ ಹೆಸರನ್ನೂ ಹೇಳಿರುವನು. ಇಂಗ್ಲಿಷ್ ಭಾಷೆಯಲ್ಲಿಯೂ ಲ್ಯಾಟಿನಿನಿಂದ ಬಂದ ‘ಮರ್ಮರ್’ ಎಂಬ ಶಬ್ದವುಂಟು. ತೊರೆಯ ಹರಿವಿಗೂ ಜನರ ಗುಸುಗುಸಿಗೂ ಗೊಣಗಾಟಕ್ಕೂ ಅದು ಸಲ್ಲುವುದು. ಎರಡೂ ಅನುಕರಣಶಬ್ದಗಳೇ. ಎರಡರಲ್ಲಿಯೂ ಸಾಮಾನ್ಯವಾದ ಧರ್ಮವೇನೆಂದರೆ, ಸದ್ದು ಕಿವಿಗೆ ಬೀಳುವುದು, ವರ್ಣವಿಭಾಗ ಮಾತ್ರ ತಿಳಿಯದು. 1983ನೆಯ ಇಸವಿ ಏಪ್ರಿಲ್ 12ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೊರಬಂದ ಒಂದು ಗೀತಸಂಪುಟಕ್ಕೆ, ಅದನ್ನು ರಚಿಸಿದ ನಾಲ್ವರು ತರುಣರು ಈ ಶಬ್ದವನ್ನೇ ಹೆಸರಾಗಿ ಇಟ್ಟರು. ಅದು ಆರ್.ಇ.ಎಂ. ಎಂಬ ವಾದ್ಯವೃಂದದ ಮೊದಲನೆಯ ಪೂರ್ಣಸಂಪುಟ. ಮುಂದೆ ‘ಆಲ್ಟರ್ನೇಟಿವ್ ರಾಕ್’ ಎಂದು ಪ್ರಸಿದ್ಧವಾದ ಸಂಗೀತಮಾರ್ಗಕ್ಕೆ ಅದು ಮೂಲಗ್ರಂಥದಂತೆ ಇರುವುದೆಂದು ಆ ಶಾಸ್ತ್ರವನ್ನು ಬಲ್ಲವರು ಎಣಿಸುವರು.

ಸಂಪುಟದಲ್ಲಿ 12 ಗೀತಗಳಿವೆ. ಒಟ್ಟು ಕಾಲ ಸುಮಾರು 44 ನಿಮಿಷ. ಗೀತಗಳ ಸಾಹಿತ್ಯವನ್ನು ಅಚ್ಚುಮಾಡಿದ ಹಾಳೆಯನ್ನು ಅದರ ಜತೆಯಲ್ಲಿ ಇಡಲಿಲ್ಲ. ಗಾಯಕನಾದ ಮೈಕೆಲ್ ಸ್ಟೈಪ್ ಎಂಬವನು ಪದಗಳನ್ನು ಅರ್ಧ ನುಂಗಿ, ಅರ್ಧ ಮೂಗಿನಲ್ಲಿ ಬಿಟ್ಟು ಹಾಡುವನಾದ್ದರಿಂದ, ಇಂಗ್ಲಿಷೇ ಮಾತೃಭಾಷೆಯಾದವರಿಗೂ ಅನೇಕ ಪಂಕ್ತಿಗಳು ಇಂದಿಗೂ ನಿರ್ಣಯವಾಗಿಲ್ಲ. ಒಂದೇ ಪಂಕ್ತಿಗೆ ಕೇಳುಗರು ನಾಲ್ಕಾರು ಪಾಠಾಂತರಗಳನ್ನು ಹೇಳುವರು. ಹಸ್ತಪ್ರತಿಗಳ ಪಾಠಶೋಧನೆಯಲ್ಲಿ ಆಯುಷ್ಯವನ್ನು ಕಳೆದ ನಮಗೆ ಇದೊಂದು ವಿನೋದವಾಗಿ ಕಾಣಬಹುದು: ಇಲ್ಲಿ ಗೆದ್ದಲು ತಿಂದ ಗರಿಯಿಲ್ಲ, ಲಿಪಿಕಾರನ ಪ್ರಮಾದವಿಲ್ಲ, ಕವಿಯೇ ಎದುರಿಗೆ ನಿಂತು ಹಾಡಿದರೂ ಪಾಠವು ಸಿಕ್ಕದು.

ಈ ವಿಷಯವನ್ನು ಇಂಥ ಪತ್ರಿಕೆಯಲ್ಲಿ ಎತ್ತುವುದಕ್ಕೆ ಕಾರಣವಿದೆ. ಕಾವ್ಯವನ್ನು ಪಾಠ ಹೇಳುವ ನಾವು ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯವೆಂಬ ಮೆಟ್ಟಿಲುಗಳನ್ನು ಏರಿಸಿ ವಿದ್ಯಾರ್ಥಿಯನ್ನು ರಸದ ಬಾಗಿಲಿಗೆ ತಂದು ಬಿಡುತ್ತೇವೆ. ಈ ಮೆಟ್ಟಿಲುಗಳಲ್ಲಿ ಮೊದಲನೆಯದೇ ಇಲ್ಲದ ಕೃತಿಯೊಂದು ಎದುರಾದಾಗ ನಮ್ಮ ಶಾಸ್ತ್ರವು ಏನು ಹೇಳುವುದು? ಹುಡುಗರು ತಮಗೆ ಪ್ರಿಯವಾದ ಗೀತೆಯನ್ನು ತಂದು, ಮಾತು ತಿಳಿಯದಿದ್ದರೂ ಕಣ್ಣಲ್ಲಿ ನೀರು ಬರುವುದೇಕೆ ಎಂದು ಕೇಳಿದರೆ, ಅದು ಕೇವಲ ಗದ್ದಲವೆಂದು ಹೇಳಿ ಕಳಿಸುವುದು ಸುಲಭ. ಆದರೆ ಹಾಗೆ ಹೇಳುವವನು ಆನಂದವರ್ಧನನ ಗ್ರಂಥವನ್ನು ಪೂರ್ತಿಯಾಗಿ ಓದಿದವನಲ್ಲವೆಂದು ತೋರಿಸುವುದು ನನ್ನ ಉದ್ದೇಶ. ಅದರ ಜತೆಗೆ, ಅಸ್ಪಷ್ಟವಾದದ್ದೆಲ್ಲ ಗಂಭೀರವೆಂದು ನಂಬುವವರ ಪಕ್ಷವೂ ನಿಲ್ಲುವುದಿಲ್ಲವೆಂಬುದನ್ನು ಈ ಸಂಪುಟದಿಂದಲೇ ತೋರಿಸಬೇಕಾಗಿದೆ.

ಮೊದಲು ಇತಿವೃತ್ತ. ಜಾರ್ಜಿಯಾ ಸಂಸ್ಥಾನದಲ್ಲಿ ಏಥೆನ್ಸ್ ಎಂಬ ಊರುಂಟು. ಗ್ರೀಕರ ರಾಜಧಾನಿಯ ಹೆಸರನ್ನು ಹೊತ್ತ ವಿಶ್ವವಿದ್ಯಾಲಯದ ಊರು. ಅಲ್ಲಿ ಚಿತ್ರಕಲೆಯನ್ನು ಓದುತ್ತಿದ್ದ ಸ್ಟೈಪನೂ, ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ ಪೀಟರ್ ಬಕ್ಕನೂ ಪರಿಚಿತರಾದರು. ಮೇಕನ್ ಪಟ್ಟಣದಲ್ಲಿ ಶಾಲೆಯ ದಿನಗಳಿಂದ ಜತೆಗಾರರಾಗಿದ್ದ ಮೈಕ್ ಮಿಲ್ಸ್, ಬಿಲ್ ಬೆರಿ ಎಂಬಿಬ್ಬರು ಇವರನ್ನು ಕೂಡಿಕೊಂಡರು. 1980ನೆಯ ಇಸವಿ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಹಳೆಯ ಚರ್ಚಿನಲ್ಲಿ ನಡೆದ ಹುಟ್ಟುಹಬ್ಬದ ಕೂಟವೊಂದರಲ್ಲಿ ನಾಲ್ವರೂ ಮೊದಲ ಬಾರಿಗೆ ಹಾಡಿದರು. ವೃಂದದ ಹೆಸರನ್ನು ನಿಘಂಟಿನಿಂದ ಆರಿಸಿದರು. ಸ್ವಪ್ನಕಾಲದಲ್ಲಿ ರೆಪ್ಪೆಯೊಳಗೆ ಕಣ್ಣಾಲಿಗಳು ಚಲಿಸುವುದಕ್ಕೆ ವೈದ್ಯರು ಬಳಸುವ ಸಂಕೇತಾಕ್ಷರಗಳವು. ಬಕ್ಕನದು ಗಿಟಾರು, ಮಿಲ್ಸನದು ಬೇಸ್ ಗಿಟಾರು, ಬೆರಿಯದು ಡ್ರಮ್ಸು. ಗೀತಗಳ ಕರ್ತೃತ್ವವನ್ನು ಯಾರು ಎಷ್ಟು ರಚಿಸಿದರೆಂದು ನೋಡದೆ ನಾಲ್ವರ ಹೆಸರಿಗೂ ಸಮವಾಗಿ ಬರೆದುಕೊಂಡುದು ಇವರ ವಿಶೇಷ.

1982ರಲ್ಲಿ ಐದು ಗೀತಗಳ ಚಿಕ್ಕ ತಟ್ಟೆಯೊಂದನ್ನು ಹೊರತಂದ ಐ.ಆರ್.ಎಸ್. ಸಂಸ್ಥೆಯವರು, ಪೂರ್ಣಸಂಪುಟಕ್ಕಾಗಿ ಸ್ಟೀಫನ್ ಹೇಗ್ ಎಂಬ ನಿರ್ಮಾಪಕನೊಡನೆ ಪರೀಕ್ಷಾರ್ಥವಾಗಿ ಒಂದು ಗೀತೆಯನ್ನು ಮುದ್ರಿಸಿದರು. ಆತನು ಅದೇ ಗೀತೆಯನ್ನು ಮತ್ತೆ ಮತ್ತೆ ನುಡಿಸಿ ಬಳಲಿಸಿದನಲ್ಲದೆ, ಆಮೇಲೆ ಇವರ ಒಪ್ಪಿಗೆಯಿಲ್ಲದೆ ಸಿಂಥಸೈಜರಿನ ನಾದವನ್ನೂ ಸೇರಿಸಿದನು. ಆ ಕಾಲದ ಜನಪ್ರಿಯ ಸಂಗೀತಕ್ಕೆಲ್ಲ ಆ ಯಂತ್ರನಾದವೇ ಅಲಂಕಾರವಾಗಿತ್ತು. ಇವರು ಅದನ್ನು ಒಲ್ಲದೆ, ತಮ್ಮನ್ನು ಮೊದಲೇ ಬಲ್ಲ ಮಿಚ್ ಈಸ್ಟರನನ್ನೂ ಅವನ ಮಿತ್ರ ಡಾನ್ ಡಿಕ್ಸನನನ್ನೂ ಬೇಡಿಕೊಂಡರು. 1983ರ ಮೊದಲ ತಿಂಗಳುಗಳಲ್ಲಿ ಉತ್ತರ ಕ್ಯಾರೊಲೈನದ ಶಾರ್ಲಟ್ ಪಟ್ಟಣದ ಮುದ್ರಣಾಲಯವೊಂದರಲ್ಲಿ ಕೆಲಸ ನಡೆಯಿತು. ಯಂತ್ರನಾದ ಬೇಡ, ಗಿಟಾರಿನ ಒಂಟಿ ಮೆರೆದಾಟ ಬೇಡ, ಕಾಲದ ಸೋಗು ಬೇಡ ಎಂಬುದು ಇವರ ನಿರ್ಬಂಧ. ಗಾಯಕನು ಪಕ್ಕದ ಮೆಟ್ಟಿಲಸಾಲಿನ ಕತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಿಂತು ಹಾಡಿದನು. ನಿರ್ಮಾಪಕರು ಆ ಕಂಠವನ್ನು ವಾದ್ಯಗಳ ಮೇಲೆ ಎತ್ತಿ ನಿಲ್ಲಿಸದೆ, ಅವುಗಳ ನಡುವೆಯೇ ನೆಲೆಗೊಳಿಸಿದರು. ಪದಗಳು ತಿಳಿಯದಿರುವುದಕ್ಕೆ ಉಚ್ಚಾರಣೆಯಷ್ಟೇ ಈ ಜೋಡಣೆಯೂ ಕಾರಣ.

ಹೊದಿಕೆಯ ಚಿತ್ರವನ್ನು ಕುರಿತು ಒಂದು ಮಾತು. ಮುಂದಿನ ಪುಟದಲ್ಲಿ ಮನುಷ್ಯರಿಲ್ಲ. ನೆಲವನ್ನೂ ಗಿಡಮರಗಳನ್ನೂ ಪೂರ್ತಿಯಾಗಿ ಹೊದ್ದುಕೊಂಡ ಕುಡ್ಜು ಎಂಬ ಬಳ್ಳಿಯ, ಬಣ್ಣ ಮಾಸಿದ ಚಿತ್ರ ಮಾತ್ರ ಇರುವುದು. ಅವರೆಯ ಕುಲಕ್ಕೆ ಸೇರಿದ ಈ ಬಳ್ಳಿ ಜಪಾನಿನಿಂದ ಬಂದುದು. 1876ರಲ್ಲಿ ಫಿಲಡೆಲ್ಫಿಯದ ಮಹಾಪ್ರದರ್ಶನದಲ್ಲಿ ಅಲಂಕಾರಕ್ಕೆಂದು ತೋರಿಸಲ್ಪಟ್ಟು, 1930ರ ದಶಕದಲ್ಲಿ ಮಣ್ಣಿನ ಸವಕಳಿಯನ್ನು ತಡೆಯಲು ಸರ್ಕಾರದಿಂದಲೇ ನೆಡಿಸಲ್ಪಟ್ಟು, ಕೊನೆಗೆ ಅಮೆರಿಕದ ದಕ್ಷಿಣ ಸೀಮೆಯ ಹೊಲ, ಮನೆ, ತಂತಿಕಂಬಗಳನ್ನು ನುಂಗಿತು. ಅದರ ಕೆಳಗೆ ಏನಿದೆಯೆಂಬುದು ಆಕಾರದಿಂದ ಊಹ್ಯವೇ ಹೊರತು ಕಾಣತಕ್ಕದ್ದಲ್ಲ. ಹಿಂದಿನ ಪುಟದಲ್ಲಿ ಏಥೆನ್ಸಿನ ಹಳೆಯ ಮರದ ರೈಲುಸೇತುವೆ. ಎಲೆಗಳ ಸಪ್ಪಳಕ್ಕೆ ಮರ್ಮರವೆಂಬ ಹೆಸರನ್ನಿಟ್ಟ ಅಮರನನ್ನು ಇವರು ಬಲ್ಲವರಲ್ಲ. ಆದಾಗ್ಯೂ ಹೆಸರಿಗೂ ಚಿತ್ರಕ್ಕೂ ಇಷ್ಟು ಒಪ್ಪುವ ಸಂಬಂಧವನ್ನು ಬೇರೆ ಮುಖಪುಟದಲ್ಲಿ ನಾನು ಕಂಡಿಲ್ಲ.

ಇನ್ನು ಪೂರ್ವಪಕ್ಷವನ್ನು ಕೇಳೋಣ. ಪಾಣಿನೀಯಶಿಕ್ಷೆಯು ಅಧಮಪಾಠಕರನ್ನು ಆರು ಬಗೆಯಾಗಿ ಹೇಳುವುದು: ರಾಗವೆಳೆಯುವವನು, ಅವಸರದವನು, ತಲೆಯಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವರಿಯದವನು, ಕಂಠದಲ್ಲಿ ಶಕ್ತಿಯಿಲ್ಲದವನು. ಬರೆದುದನ್ನು ನೋಡಿ ಓದುವವನೆಂಬುದೊಂದನ್ನು ಬಿಟ್ಟರೆ ಉಳಿದ ಲಕ್ಷಣಗಳಲ್ಲಿ ಬಹುಭಾಗವನ್ನು ಸ್ಟೈಪನಲ್ಲಿ ಹುಡುಕಿ ತೆಗೆಯುವುದು ಕಷ್ಟವಲ್ಲ. ಅವ್ಯಕ್ತತೆಯನ್ನೂ ಅನುನಾಸಿಕತೆಯನ್ನೂ ಅದೇ ಶಿಕ್ಷೆಯು ದೋಷವೆಂದು ಬೇರೆಯಾಗಿ ಹೇಳಿದೆ. ಪತಂಜಲಿಯೂ ಸ್ವರದೋಷಗಳಲ್ಲಿ ‘ಗ್ರಸ್ತ’ವನ್ನು, ಎಂದರೆ ನುಂಗಿದ ಉಚ್ಚಾರಣೆಯನ್ನು, ಎಣಿಸಿರುವನು. ಆಲಂಕಾರಿಕರ ಕಡೆಗೆ ಹೋದರೆ ಮಮ್ಮಟನು ವ್ಯಂಗ್ಯವು ಸ್ಫುಟವಾಗದ ಕಾವ್ಯವನ್ನು ಮಧ್ಯಮಕ್ಕೆ ಇಳಿಸಿದ್ದಾನೆ. ವಾಚ್ಯವೇ ಸ್ಫುಟವಾಗದ ಕಾವ್ಯಕ್ಕೆ ಅವನು ಸ್ಥಾನವನ್ನೇ ಕಲ್ಪಿಸಿಲ್ಲ. ಇದಕ್ಕೆಲ್ಲ ಕಳಶವಿಟ್ಟಂತೆ ಗಾಯಕನ ಸ್ವಂತ ಹೇಳಿಕೆಯೊಂದು ಇದೆ: ಸಂಪುಟದ ಮೊದಲ ಗೀತೆಯಾದ ‘ರೇಡಿಯೋ ಫ್ರೀ ಯೂರೋಪ್’ನ ಮಾತುಗಳು ಯಾರಿಗೂ ತಿಳಿಯಬಾರದೆಂದು ತಾನು ಬೇಕೆಂದೇ ಹಾಗೆ ಹಾಡಿದೆನೆಂದೂ, ಅದಕ್ಕೆ ಮುಖ್ಯ ಕಾರಣ ಮಾತುಗಳು ಆಗಿನ್ನೂ ರಚಿತವಾಗಿರಲಿಲ್ಲವೆಂದೂ ಅವನು ಹೇಳಿಕೊಂಡಿರುವನು. ಪ್ರತಿವಾದಿಗೆ ಇನ್ನೇನು ಬೇಕು?

ಇದಕ್ಕೆ ಕೆಲವರು ಕೊಡುವ ಸಮಾಧಾನ, ‘ಇದು ಧ್ವನಿ’ ಎಂಬುದು. ಆಧುನಿಕ ವಿಮರ್ಶೆಯಲ್ಲಿ ಈ ಶಬ್ದಕ್ಕೆ ಬಂದ ದುರವಸ್ಥೆಯನ್ನು ನೋಡಿದರೆ ಮರುಕವಾಗುವುದು. ತಿಳಿಯದ ಪದ್ಯವೆಲ್ಲ ಧ್ವನಿಕಾವ್ಯವಾಗಿ ಹೋಗಿದೆ. ಧ್ವನಿಕಾರನು ಹೇಳಿರುವುದು ಹಾಗಲ್ಲ. ಬೆಳಕನ್ನು ಬಯಸುವವನು ಮೊದಲು ದೀಪದ ಕುಡಿಯನ್ನು ಹೇಗೆ ಜೋಪಾನ ಮಾಡುವನೋ ಹಾಗೆ ವ್ಯಂಗ್ಯವನ್ನು ಬಯಸುವ ಕವಿಯು ವಾಚ್ಯದಲ್ಲಿ ಆದರವುಳ್ಳವನಾಗಿರಬೇಕೆಂಬುದು ಅವನ ಮತ. ವಾಚ್ಯವೆಂಬ ದೀಪವನ್ನೇ ಹಚ್ಚದೆ ಬೆಳಕು ಬಂದಿದೆಯೆನ್ನುವುದು ಧ್ವನಿಸಿದ್ಧಾಂತಕ್ಕೆ ವಿರುದ್ಧ. ಆದುದರಿಂದ ಈ ಸಂಪುಟವನ್ನು ಧ್ವನಿಕಾವ್ಯವೆಂದು ಹೊಗಳುವುದು ಪ್ರೀತಿಯ ಮಾತಾಗಬಹುದೇ ಹೊರತು ಶಾಸ್ತ್ರದ ಮಾತಾಗಲಾರದು.

ಆದರೆ ಅದೇ ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ, ವಾಚಕತ್ವವೂ ವ್ಯಂಜಕತ್ವವೂ ಒಂದೇ ಅಲ್ಲವೆಂದು ಸಾಧಿಸುವ ಪ್ರಕರಣದಲ್ಲಿ, ಆನಂದವರ್ಧನನು ತೆಗೆದುಕೊಂಡ ನಿದರ್ಶನವು ಪಾಠಶಾಲೆಗಳಲ್ಲಿ ಬೇಗನೆ ದಾಟಿಹೋಗುವಂಥದು. ಗೀತಶಬ್ದಗಳಿಗೆ ವಾಚಕತ್ವವಿಲ್ಲ, ಆದರೂ ಅವುಗಳಿಂದ ರಸಾದಿಗಳು ತೋರುವುದನ್ನು ನಾವು ಕಾಣುತ್ತೇವೆ. ಆದಕಾರಣ ಅರ್ಥವನ್ನು ಹೇಳುವ ಶಕ್ತಿ ಬೇರೆ, ಭಾವವನ್ನು ತೋರುವ ಶಕ್ತಿ ಬೇರೆ ಎಂಬುದು ಅವನ ಯುಕ್ತಿ. ಮಾತಿಲ್ಲದ ಚೇಷ್ಟೆಗಳನ್ನೂ ಅವನು ಇಲ್ಲಿಯೇ ಸೇರಿಸುವನು. ಎಂದರೆ ವಾಚ್ಯವಿಲ್ಲದೆ ವ್ಯಂಜನೆಯುಂಟೆಂಬುದನ್ನು ಒಪ್ಪಿಕೊಂಡವನು ಸಾಕ್ಷಾತ್ ಧ್ವನಿಪ್ರಸ್ಥಾನಪ್ರವರ್ತಕನೇ. ಆದರೆ ಆ ವ್ಯಂಜನೆ ಕಾವ್ಯದ ಬಲದಿಂದಲ್ಲ, ಗೀತದ ಬಲದಿಂದ. ನಮ್ಮ ಸಂಪುಟಕ್ಕೆ ಸಲ್ಲುವ ಸೂತ್ರವಿದು. ಇದರಿಂದ ಒಂದು ಕಟ್ಟಳೆಯೂ ಹುಟ್ಟುವುದು: ಮಾತು ಬಿಟ್ಟುಕೊಟ್ಟ ಭಾರವನ್ನು ಸ್ವರವು ಹೊರಬೇಕು. ಹೊತ್ತಲ್ಲಿ ರಸವುಂಟು, ಹೊರದಿದ್ದಲ್ಲಿ ಬರಿಯ ಅಸ್ಪಷ್ಟತೆಯು ಉಳಿಯುವುದು.

ಅರ್ಥವಿಲ್ಲದ ವರ್ಣಗಳನ್ನು ಗಾನಕ್ಕೋಸ್ಕರ ಇರಿಸಿಕೊಳ್ಳುವುದು ನಮಗೆ ಹೊಸದಲ್ಲ. ಸಾಮಗಾನದಲ್ಲಿ ಋಕ್ಕಿನ ಅಕ್ಷರಗಳ ನಡುವೆ ಬರುವ ಹಾಉ, ಹೋಯಿ ಮೊದಲಾದ ಸ್ತೋಭಗಳಿಗೆ ವಾಚ್ಯಾರ್ಥವಿಲ್ಲ; ಆದಾಗ್ಯೂ ಅವುಗಳನ್ನು ತೆಗೆದುಹಾಕಿದರೆ ಅದು ಸಾಮವೇ ಆಗದು. ಛಾಂದೋಗ್ಯವು ಆ ಸ್ತೋಭಾಕ್ಷರಗಳಿಗೇ ಲೋಕ, ವಾಯು, ಚಂದ್ರರೆಂಬಂತೆ ಉಪಾಸನೆಯನ್ನು ವಿಧಿಸಿರುವುದು. ಈ ಹೋಲಿಕೆಯನ್ನು ನಾನು ಬಲಾತ್ಕಾರವಾಗಿ ತಂದು ಹಚ್ಚುತ್ತಿರುವೆನೆಂದು ಯಾರಾದರೂ ಎಣಿಸಿದರೆ, ಸಂಪುಟದ ಎರಡನೆಯ ಗೀತೆಯಾದ ‘ಪಿಲ್ಗ್ರಿಮೇಜ್’ ಎಂಬುದನ್ನು, ಎಂದರೆ ‘ತೀರ್ಥಯಾತ್ರೆ’ಯನ್ನು, ಕೇಳಬೇಕು. ಅದರಲ್ಲಿ ‘ನಾಲಿಗೆಗಳಲ್ಲಿ ನುಡಿಯುವುದ’ರ ಪ್ರಸ್ತಾಪವಿದೆ. ಅಮೆರಿಕದ ದಕ್ಷಿಣ ಸೀಮೆಯ ಪೆಂಟೆಕೋಸ್ತ ಸಭೆಗಳಲ್ಲಿ ಭಕ್ತರು ಆವೇಶಗೊಂಡು ಯಾವ ಭಾಷೆಗೂ ಸೇರದ ವರ್ಣಸರಣಿಯನ್ನು ನುಡಿಯುವುದುಂಟು; ಅದನ್ನು ಪವಿತ್ರಾತ್ಮನ ವರವೆಂದು ಅವರು ನಂಬುವರು. ಅರ್ಥಾತೀತವಾದ ವಾಕ್ಕು ಈ ಗಾಯಕನ ಸೀಮೆಯಲ್ಲಿಯೂ ಪೂಜ್ಯವಾಗಿದ್ದುದೇ. ನಮ್ಮ ಸ್ತೋಭವು ಪರಂಪರೆಯಿಂದ ನಿಯತವಾದುದು, ಅವರದು ಆವೇಶದಿಂದ ಅನಿಯತವಾದುದು ಎಂಬ ಭೇದವಿರಲಿ.

ಈಗ ಗೀತಗಳಿಗೆ ಬರೋಣ. ‘ರೇಡಿಯೋ ಫ್ರೀ ಯೂರೋಪ್’ ಎಂಬುದು ಅಮೆರಿಕದವರು 1949ರಲ್ಲಿ ಸ್ಥಾಪಿಸಿ ಮರುವರ್ಷದಿಂದ ಪೂರ್ವ ಯೂರೋಪಿನ ದೇಶಗಳಿಗೆ ಪ್ರಸಾರವನ್ನು ನಡೆಸಿದ ಸಂಸ್ಥೆಯ ಹೆಸರು. ಬಹುಕಾಲ ಗುಪ್ತವಾಗಿ ಅದಕ್ಕೆ ಹಣ ಸಂದುದು ಆ ದೇಶದ ಬೇಹುಗಾರಿಕೆಯ ಇಲಾಖೆಯಿಂದ. ಸೋವಿಯತ್ ಕೂಟದ ಸರ್ಕಾರಗಳು ಅದೇ ಅಲೆಗಳ ಮೇಲೆ ಗದ್ದಲವನ್ನು ಹೊರಡಿಸಿ ಆ ಮಾತುಗಳು ಜನರಿಗೆ ತಿಳಿಯದಂತೆ ಮಾಡುತ್ತಿದ್ದುವು. ಸ್ಪಷ್ಟವಾಗಿ ಕೇಳಿಸಬೇಕೆಂದೇ ಹುಟ್ಟಿದ ವಾಣಿಯು ಗೊರಗೊರ ಸದ್ದಿನೊಳಗೆ ಮುಳುಗಿ ಮುಳುಗಿ ಏಳುವುದು. ಕೇಳುಗನು ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಎರಡು ಪದಗಳನ್ನು ಹಿಡಿದು ಮೂರನೆಯದನ್ನು ಕಲ್ಪಿಸಿಕೊಳ್ಳುವನು. ಈ ಗೀತೆಯನ್ನು ಕೇಳುವ ಅನುಭವವೂ ಅಚ್ಚಾಗಿ ಅದೇ. ಮಾತುಗಳು ರಚಿತವಾಗಿರಲಿಲ್ಲವೆಂಬ ಹೇಳಿಕೆ ಇಲ್ಲಿ ಬಾಧಕವಾಗದು. ಏಕೆಂದರೆ ಹೆಸರೊಂದು ತಿಳಿದರೆ ಸಾಕು, ತಿಳಿಯದಿರುವುದೇ ವಸ್ತುವಾಗಿ ಪರಿಣಮಿಸುವುದು. ಕವಿಯ ಸಂಕಲ್ಪವನ್ನು ಕೃತಿಯು ಮೀರುವುದಕ್ಕೆ ಇದೊಂದು ನಿದರ್ಶನ. ಈ ಗೀತೆ 1981ರಲ್ಲಿಯೇ ಹಿಬ್‌ಟೋನ್ ಎಂಬ ಚಿಕ್ಕ ಸಂಸ್ಥೆಯಿಂದ ಒಂಟಿಯಾಗಿ ಹೊರಬಂದಿತ್ತು. ಸಂಪುಟಕ್ಕಾಗಿ ಮತ್ತೆ ಹಾಡಿದಾಗ ಮೊದಲಿನ ಕಾವು ಕೊಂಚ ತಗ್ಗಿತು. ಬಕ್ಕನಿಗೂ ಇದೇ ಅಭಿಪ್ರಾಯವಿತ್ತು. ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ 2010ರಲ್ಲಿ ಆರಿಸಲ್ಪಟ್ಟದ್ದೂ ಆ 1981ರ ಪಾಠವೇ.

ಮೂರನೆಯದು ‘ಲಾಫಿಂಗ್’. ಇದರಲ್ಲಿ ಲಾವೊಕೂನ್ ಎಂಬ ಹೆಸರು ಬರುವುದು. ಟ್ರಾಯ್ ನಗರದ ಪುರೋಹಿತನಾದ ಅವನು ಗ್ರೀಕರ ಮರದ ಕುದುರೆಯನ್ನು ಒಳಗೆ ತರಬೇಡಿರೆಂದು ಕೂಗಿ ಹೇಳಿದನು, ಯಾರೂ ಕೇಳಲಿಲ್ಲ, ಸಮುದ್ರದಿಂದ ಬಂದ ಎರಡು ಹಾವುಗಳು ಅವನನ್ನೂ ಅವನ ಇಬ್ಬರು ಮಕ್ಕಳನ್ನೂ ಸುತ್ತಿ ಕೊಂದುವು. ಸ್ಟೈಪನು ಅವನನ್ನು ಸ್ತ್ರೀಲಿಂಗದಲ್ಲಿ ಹಾಡಿರುವನು. ಲಿಂಗವ್ಯತ್ಯಯಕ್ಕೆ ಕಾರಣವನ್ನು ಹುಡುಕುತ್ತ ಕುಳಿತುಕೊಳ್ಳುವುದಕ್ಕಿಂತ ಇಲ್ಲಿ ಗಮನಿಸತಕ್ಕದ್ದೇನೆಂದರೆ, ಲಾವೊಕೂನನು ಮಾತಾಡಿಯೂ ಕೇಳಿಸದೆ ಹೋದವನೆಂಬುದು. ಮೊದಲ ಗೀತೆಯಲ್ಲಿ ತಡೆಯಲ್ಪಟ್ಟ ವಾಣಿ, ಎರಡನೆಯದರಲ್ಲಿ ಆವೇಶದ ವಾಣಿ, ಮೂರನೆಯದರಲ್ಲಿ ಕಡೆಗಣಿಸಲ್ಪಟ್ಟ ವಾಣಿ. ನಾಲ್ಕನೆಯದಾದ ‘ಟಾಕ್ ಅಬೌಟ್ ದಿ ಪ್ಯಾಷನ್’ನಲ್ಲಿ ‘ಪ್ಯಾಷನ್’ ಎಂಬುದು ಕ್ರಿಸ್ತನ ಯಾತನೆಗೂ ಸಾಮಾನ್ಯವಾದ ಉದ್ವೇಗಕ್ಕೂ ಸಲ್ಲುವ ಶ್ಲೇಷ. ಹಸಿದವರ ಎದುರಿಗೆ ಬರಿದಾದ ಪ್ರಾರ್ಥನೆಯನ್ನು ಕುರಿತದ್ದು. ನಡುವೆ ಫ್ರೆಂಚ್ ನುಡಿಯ ಚಿಕ್ಕ ಪ್ರಶ್ನೆಯೊಂದನ್ನು ಹಾಕಿ, ಕೆಳಗೆ ಚೆಲ್ಲೋ ವಾದ್ಯವನ್ನು ಎಳೆಸಿದ್ದಾರೆ. ಅರ್ಥವು ಇಷ್ಟು ಮೇಲಕ್ಕೆ ತೇಲಿ ಬರುವ ಗೀತೆ ಸಂಪುಟದಲ್ಲಿ ಬೇರೆಯಿಲ್ಲ; ಆದ್ದರಿಂದಲೋ ಏನೋ ಮೊದಲು ಕೇಳುವವರಿಗೆ ಇದೇ ಹತ್ತಿರವಾಗುವುದು.

ಆರನೆಯದಾದ ‘ಪರ್ಫೆಕ್ಟ್ ಸರ್ಕಲ್’ ಈ ಸಂಪುಟದ ಹೃದಯ. ಇದರ ರಾಗ ಮುಖ್ಯವಾಗಿ ಡ್ರಮ್ಸಿನ ಬೆರಿಯದು; ಗಿಟಾರು ಹಿಂದೆ ಸರಿದು ಪಿಯಾನೋ ಮುಂದೆ ಬರುವುದು. ನ್ಯೂ ಜೆರ್ಸಿಯ ಟ್ರೆಂಟನ್ ಪಟ್ಟಣದಲ್ಲಿ ಪ್ರವಾಸದಿಂದ ಬಳಲಿ ನಿಂತಿದ್ದಾಗ, ಕತ್ತಲು ಕವಿಯುವ ಮುನ್ನ ಹುಡುಗರು ಕೊನೆಯ ಆಟವನ್ನು ಆಡುತ್ತಿದ್ದುದನ್ನು ಕಂಡು ಕಾರಣವಿಲ್ಲದೆ ತನಗೆ ಅಳು ಬಂದಿತೆಂದೂ, ಆ ಭಾವವನ್ನು ಹಿಡಿಯಬೇಕೆಂದು ಸ್ಟೈಪನಿಗೆ ಹೇಳಿದೆನೆಂದೂ ಬಕ್ಕನು ಹೇಳಿಕೊಂಡಿರುವನು. ಗೀತೆಯಲ್ಲಿ ಆಟವಿಲ್ಲ, ಹುಡುಗರಿಲ್ಲ, ಸಂಧ್ಯೆಯೂ ಇಲ್ಲ. ಆದರೂ ಎಲ್ಲವೂ ಇದೆಯೆಂಬುದು ಅವನ ಮಾತಿನ ಸಾರ. ವಿಭಾವಗಳನ್ನೆಲ್ಲ ತೆಗೆದುಹಾಕಿ ಸ್ಥಾಯಿಯನ್ನು ಮಾತ್ರ ಉಳಿಸಿಕೊಳ್ಳುವುದು ಸಾಧ್ಯವೆ? ಭರತನ ಸೂತ್ರದ ಪ್ರಕಾರ ಸಾಧ್ಯವಿಲ್ಲ. ಇಲ್ಲಿ ನಡೆದಿರುವುದೇನೆಂದರೆ, ವಿಭಾವದ ಸ್ಥಾನದಲ್ಲಿ ಸ್ವರಸಂನಿವೇಶವು ನಿಂತಿದೆ. ಪಿಯಾನೋವಿನ ಸ್ವರಗಳು ಅವಸರವಿಲ್ಲದೆ ಸುತ್ತಿ ಸುತ್ತಿ ಅದೇ ಸ್ಥಾನಕ್ಕೆ ಬಂದು ನಿಲ್ಲುವುವು. ಕಂಠವು ಅವುಗಳಿಗಿಂತ ಅರೆಗಳಿಗೆ ತಡವಾಗಿ, ಹೊರಡಲೊಲ್ಲದ ಅತಿಥಿಯಂತೆ ಹಿಂದೆ ಬರುವುದು. ಮುಗಿಯುತ್ತಿರುವುದನ್ನು ಮುಗಿಯಗೊಡಲಾರದ ಭಾವ ಅಲ್ಲಿ ಹುಟ್ಟುವುದು. ಹತ್ತಾರು ಬಾರಿ ಕೇಳಿದ ಮೇಲೂ ಇದರ ಪದಗಳು ನನಗೆ ಪೂರ್ತಿಯಾಗಿ ವಶವಾಗಿಲ್ಲ. ಒಂದು ಬಾರಿಯೂ ಭಾವವು ಸಂದಿಗ್ಧವಾಗಿ ತೋರಲಿಲ್ಲ.

ಎರಡನೆಯ ಮಗ್ಗುಲಿನಲ್ಲಿ ‘ಸಿಟಿಂಗ್ ಸ್ಟಿಲ್’, ‘ನೈನ್ ನೈನ್’ ಎಂಬೆರಡು ಗೀತಗಳು ಒಂದರ ಬೆನ್ನಿಗೊಂದು ಬರುವುವು. ಇವೆರಡನ್ನು ತೂಗಿ ನೋಡಿದರೆ ಮೇಲೆ ಹೇಳಿದ ಕಟ್ಟಳೆಯ ಸತ್ಯಾಸತ್ಯವು ಹೊರಬೀಳುವುದು. ‘ಸಿಟಿಂಗ್ ಸ್ಟಿಲ್’ನ ಚರಣಗಳಲ್ಲಿ ಕೈಗೆ ಸಿಕ್ಕುವ ಪದಗಳು ಕೆಲವೇ, ಸಿಕ್ಕಿದವಕ್ಕೂ ಅನ್ವಯವಾಗದು. ಆದರೆ ಪಲ್ಲವಿಯಲ್ಲಿ ಗಾಯಕನು, ನಿನ್ನ ಮಾತು ನನಗೆ ಕೇಳಿಸುತ್ತಿದೆ ಎಂಬ ಅಭಿಪ್ರಾಯವನ್ನು ತಿಳಿಯುವಂತೆ ಹಾಡುವನು. ಗೀತೆಯ ಕಟ್ಟಕಡೆಯಲ್ಲಿ ವಾದ್ಯಗಳ ಮೇಲಕ್ಕೆ ಕಂಠವನ್ನೆತ್ತಿ, ನನ್ನದು ನಿನಗೆ ಕೇಳಿಸಿತೆ ಎಂದು ಪ್ರಶ್ನಿಸುವನು. ಇಷ್ಟು ಹೊತ್ತು ಕೇಳಿಸದಂತೆ ಹಾಡಿದವನು ಸ್ಫುಟವಾಗಿ ಆಡುವ ಮಾತು ಅದೊಂದೇ. ಅದು ಕಾಕುವಿನಿಂದ ಕೂಡಿ ಬರುವಾಗ, ಹಿಂದಿನ ಅಸ್ಫುಟತೆಯೆಲ್ಲ ಆ ಪ್ರಶ್ನೆಯ ಪೂರ್ವಭಾಗವಾಗಿ ಮಾರ್ಪಡುವುದು. ರಾಗವು ಆದಿಯಿಂದಲೂ ಏರುತ್ತ ಬಂದಿರುವುದರಿಂದ ಆ ಕೂಗಿಗೆ ಕೇಳುಗನು ಸಿದ್ಧನಾಗಿರುವನು. ಸಹೃದಯನಿಗೆ ಇಲ್ಲಿ ಮೈನವಿರೇಳುವುದು ಸಹಜ.

‘ನೈನ್ ನೈನ್’ನಲ್ಲಿಯೂ ಯುಕ್ತಿ ಇದೇ. ಕೊನೆಯ ಪದಗುಚ್ಛದ ಹೊರತು ಬೇರೆ ಯಾವುದೂ ತಿಳಿಯದಂತೆ ಮಾಡಬೇಕೆಂದು ಸ್ಟೈಪನು ಬೇಕೆಂದೇ ಯೋಜಿಸಿದನು. ಆ ಕೊನೆಯ ಪದಗುಚ್ಛ ಸಂಭಾಷಣೆಯ ಭಯವನ್ನು ಹೇಳತಕ್ಕದ್ದು. ಗೀತೆಯ ವಸ್ತುವೂ ಅದೇ. ಯೋಜನೆಯನ್ನು ಕಾಗದದ ಮೇಲೆ ಬರೆದರೆ ಇದು ಹಿಂದಿನದಕ್ಕಿಂತ ಚೆಂದ. ಕೇಳಿದರೆ ಮಾತ್ರ ಹಾಗಿಲ್ಲ. ಗಾಯಕನು ಹಾಡುವುದನ್ನು ಬಿಟ್ಟು ತ್ವರೆಯಿಂದ ಮಾತಿನ ಲಯದಲ್ಲಿ ಗೊಣಗುವನು. ಗಿಟಾರು ಚುಚ್ಚಿ ಚುಚ್ಚಿ ನುಡಿಯುವುದೇ ಹೊರತು ಅವನನ್ನು ಎತ್ತಿಕೊಳ್ಳುವುದಿಲ್ಲ. ಮಾತು ಭಾರವನ್ನು ಬಿಟ್ಟಿತು, ಸ್ವರವು ಹೊರಲಿಲ್ಲ. ಆದುದರಿಂದ ಉಳಿಯುವುದು ಉಪಾಯದ ಚಮತ್ಕಾರ. ಗೋಮೂತ್ರಿಕಾಬಂಧವನ್ನು ಬಿಡಿಸಿದಾಗ ಆಗುವ ಸಂತೋಷವು ಇದರಿಂದಲೂ ಆಗಬಹುದು. ಚಿತ್ರಕಾವ್ಯಕ್ಕೆ ಅದಕ್ಕಿಂತ ಹೆಚ್ಚಿನ ಫಲವನ್ನು ನಮ್ಮವರು ಹೇಳಿಲ್ಲ. ಈ ಗೀತೆಯನ್ನು ಸಂಪುಟದ ಅತ್ಯಂತ ಧೀರವಾದ ಪ್ರಯೋಗವೆಂದು ಮೆಚ್ಚುವವರಿದ್ದಾರೆ. ಧೈರ್ಯವು ಕಾವ್ಯಗುಣಗಳಲ್ಲಿ ಪರಿಗಣಿತವಾದುದನ್ನು ನಾನು ಕಂಡಿಲ್ಲ.

ಉಳಿದವುಗಳನ್ನು ಕುರಿತು ಬಹಳ ಹೇಳಬೇಕಾದ್ದಿಲ್ಲ. ‘ಮಾರಲ್ ಕಿಯಾಸ್ಕ್’ ಹೆಸರಿನಲ್ಲಿಯೇ ವ್ಯಂಗ್ಯವನ್ನು ಮುಗಿಸಿಬಿಡುವುದು. ನೀತಿಯನ್ನು ಬೀದಿಯ ಗೂಡಂಗಡಿಯಲ್ಲಿ ಮಾರುವುದೆಂಬ ಕಲ್ಪನೆ. ‘ಕ್ಯಾಟಪಲ್ಟ್’ ಬಾಲ್ಯದ ನೆನಪು. ‘ಷೇಕಿಂಗ್ ಥ್ರೂ’ ಇಂಪಾಗಿದೆ. ‘ವಿ ವಾಕ್’ ಮಕ್ಕಳ ಹಾಡಿನಂತೆ ಹಗುರ; ಅದರ ಹಿಂದೆ ಕೇಳುವ ಗುಡುಗು ನಿಜವಾಗಿ ಬಿಲಿಯರ್ಡ್ಸ್ ಚೆಂಡುಗಳ ಸದ್ದನ್ನು ನಿಧಾನಗೊಳಿಸಿ ಸೇರಿಸಿದ್ದು. ಕೊನೆಯ ‘ವೆಸ್ಟ್ ಆಫ್ ದಿ ಫೀಲ್ಡ್ಸ್’ ಗ್ರೀಕರ ಪುಣ್ಯಲೋಕವಾದ ಎಲೀಸಿಯದ ಬಯಲನ್ನು ನೆನೆಯಿಸಿ ಸಂಪುಟವನ್ನು ವೇಗದಿಂದ ಮುಗಿಸುವುದು. ಎರಡನೆಯ ಮಗ್ಗುಲು ಮೊದಲನೆಯದಕ್ಕೆ ಸಮವಲ್ಲವೆಂಬ ಮಾತನ್ನು ಪಕ್ಷಪಾತಿಗಳೂ ಒಪ್ಪಬೇಕಾಗುವುದು.

ಸ್ವರವು ಭಾರವನ್ನು ಹೊತ್ತ ಬಗೆಯನ್ನು ಕೊಂಚ ವಿವರಿಸದಿದ್ದರೆ ಮೇಲಿನ ಮಾತು ಆಧಾರವಿಲ್ಲದೆ ಉಳಿಯುವುದು. ಬಕ್ಕನು ಸ್ವರಗುಚ್ಛವನ್ನು ಒಟ್ಟಿಗೆ ಬಾರಿಸದೆ ತಂತಿತಂತಿಯಾಗಿ ಬಿಡಿಸಿ ಮೀಟುವನು. ಒಂದು ತಂತಿಯ ನಾದವು ಆರುವ ಮೊದಲೇ ಮತ್ತೊಂದು ಅದರ ಮೇಲೆ ಬಂದು ಬೀಳುವುದು. 1960ರ ದಶಕದ ಬರ್ಡ್ಸ್ ವೃಂದದವರು ಈ ವಾದನಕ್ಕೆ ದಾರಿ ತೋರಿದವರು. ಘಂಟೆ ಹೊಡೆದ ಮೇಲೆ ಉಳಿಯುವ ಅನುರಣನವನ್ನು ನಮ್ಮ ಆಲಂಕಾರಿಕರು ವ್ಯಂಗ್ಯದ ಉಪಮಾನವಾಗಿ ತೆಗೆದುಕೊಂಡರಷ್ಟೆ. ಇಲ್ಲಿ ಅನುರಣನವು ಉಪಮಾನವಲ್ಲ, ಕಿವಿಗೆ ಕೇಳುವ ವಸ್ತು. ಇನ್ನು ಮಿಲ್ಸನ ಬೇಸು ತಳದಲ್ಲಿ ತಾಳವನ್ನು ಹಿಡಿದು ಕುಳಿತುಕೊಳ್ಳುವುದಿಲ್ಲ. ಅದೂ ಒಂದು ರಾಗವನ್ನು ಹಾಡುವುದು. ಮಿಲ್ಸನೂ ಬೆರಿಯೂ ಹಿಂದಿನಿಂದ ಸೇರಿಸುವ ಕಂಠಗಳು ಎಷ್ಟೋ ಸಾರಿ ಸ್ಟೈಪನ ಪದಗಳನ್ನು ಅನುಸರಿಸದೆ ಬೇರೆ ಪದಗಳನ್ನು ಬೇರೆ ನಡೆಯಲ್ಲಿ ಹಾಡುವುವು. ಹೀಗೆ ಎರಡು ವಾಕ್ಯಗಳು ಒಂದರೊಳಗೊಂದು ಹೊಕ್ಕು ಎರಡೂ ಅರ್ಥಹೀನವಾಗುವಾಗ ಸ್ವರಮೈತ್ರಿ ಮಾತ್ರ ಸ್ಫುಟವಾಗಿ ನಿಲ್ಲುವುದು. ಕಂಠವೂ ಒಂದು ವಾದ್ಯವಾಯಿತು, ವಾದ್ಯಗಳಿಗೆ ಕಂಠ ಬಂದಿತು.

ಈ ಕೃತಿ ಹೊರಬಂದ ವರ್ಷ ಮೈಕೆಲ್ ಜಾಕ್ಸನನ ‘ಥ್ರಿಲ್ಲರ್’ ಸಂಪುಟದ ದಿಗ್ವಿಜಯದ ವರ್ಷ. ‘ಮರ್ಮರ್’ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 36ನೆಯ ಸ್ಥಾನದಿಂದ ಮೇಲಕ್ಕೆ ಹೋಗಲಿಲ್ಲ. ಆದರೂ ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ಆ ವರ್ಷದ ಉತ್ತಮ ಸಂಪುಟವೆಂದು ಆರಿಸಿದ್ದು ಇದನ್ನೇ. ಕಾಲೇಜುಗಳ ಚಿಕ್ಕ ರೇಡಿಯೋ ಕೇಂದ್ರಗಳಿಂದ ಇದು ಹರಡಿತು. ಹಿಂದೆ ಬಂದವರು ಅನೇಕರು ಇದನ್ನು ಅನುಕರಿಸಿದರು. ಗೊಣಗುವುದನ್ನು ಕಲಿತವರು ಬಹಳ ಜನ, ರಾಗವನ್ನು ಕಟ್ಟಲು ಕಲಿತವರು ಕೆಲವರು. ನಿರ್ವಾಣ ವೃಂದದ ಕರ್ಟ್ ಕೋಬೇನನು ಈ ನಾಲ್ವರಲ್ಲಿ ಗೌರವವಿಟ್ಟಿದ್ದವನು. ಅವನ ಪದಗಳೂ ಎಷ್ಟೋ ಕಡೆ ತಿಳಿಯವು; ಆದರೆ ಅಲ್ಲಿ ಸ್ವರವು ಭಾರವನ್ನು ಹೊತ್ತಿದೆ.

ಸ್ಟೈಪನು ಇದೇ ಮಾರ್ಗದಲ್ಲಿ ನಿಲ್ಲಲಿಲ್ಲ. 1986ರ ಸಂಪುಟದಲ್ಲಿ ಡಾನ್ ಗೇಮನ್ ಎಂಬ ನಿರ್ಮಾಪಕನ ಒತ್ತಾಯದಿಂದ ಅವನ ಉಚ್ಚಾರಣೆ ತಿಳಿಯಾಯಿತು; ಮರುವರ್ಷ ಇನ್ನೂ ತಿಳಿಯಾಯಿತು. 1991ರಲ್ಲಿ ಬಂದ ‘ಲೂಸಿಂಗ್ ಮೈ ರಿಲಿಜನ್’ ಲೋಕಪ್ರಸಿದ್ಧವಾದುದು ಪದಗಳೆಲ್ಲ ಕೇಳಿಸುವ ಗೀತೆಯಾಗಿ. ಬೆರಿಯು 1997ರಲ್ಲಿ ವೃಂದವನ್ನು ಬಿಟ್ಟನು. ಉಳಿದ ಮೂವರು 2011ರಲ್ಲಿ ವೃಂದವನ್ನೇ ಮುಗಿಸಿದರು. ಮೊದಲನೆಯ ರೀತಿ ಅಶಕ್ತಿಯಿಂದ ಬಂದುದಾದರೆ, ಶಕ್ತಿ ಬಂದ ಮೇಲೆ ಅವನು ಹಳೆಯ ಗೀತಗಳನ್ನು ವೇದಿಕೆಯಲ್ಲಿ ಸ್ಫುಟವಾಗಿ ಹಾಡಿ ತಿದ್ದಿಕೊಳ್ಳಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ವೃಂದದವರು ಒಂದು ಗೀತೆಯ ಸಾಹಿತ್ಯವನ್ನು ಮೊದಲ ಬಾರಿಗೆ ಅಚ್ಚುಮಾಡಿಸಿದ್ದು 1988ರ ‘ಗ್ರೀನ್’ ಎಂಬ ಸಂಪುಟದ ಹೊದಿಕೆಯ ಮೇಲೆ. ಅದೂ ಅದರಲ್ಲಿದ್ದ ಗೀತಗಳ ಪೈಕಿ ಒಂದನ್ನು ಮಾತ್ರ. ‘ಮರ್ಮರ್’ನ ಹೊದಿಕೆಯಲ್ಲಿ ಬಳ್ಳಿಯ ಎಲೆಗಳೇ ಇವೆ.